ಹನ್ನೆರಡನೇ ತಾರೀಖು ಬರುವ ವಾರ

ಜೂನ್ ೨೦

ಮೆಣಸಿನಕಾಳಿಗೆ ಅಜ್ಜಿಯ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಮೊದಲು ನಿನ್ನ ಅಕ್ಷರ ಪೋಣಿಸಿದ ಹಾಗಿರುತ್ತಿತ್ತು, ಸರ್ಕಾರಿ ಕೆಲಸ ಸಿಕ್ಕ ಮೇಲೆ ಕೋಳಿ ಕೆದರಿದ ಹಾಗಾಗಿದೆ. ಎರಡು ಸಲ ನಾನೇ ಓದಿದೆ. ಮೂರನೇ ಸಲ ಪಕ್ಕದ ಮನೆಯ ಟೈಲರ್ ಕೈಲಿ ಓದಿಸಿದೆ. ಅವನಿಗೂ ತಿಳಿಯಲಿಲ್ಲ. ಸದ್ಯ, ಕೆಟ್ಟಿರುವುದು ನನ್ನ ತಲೆಯಲ್ಲ ಅಂತ ಸಮಾಧಾನವಾಯಿತು.

ನಾನು ತಿಳಿದುಕೊಂಡದ್ದು ಇಷ್ಟು, ತಪ್ಪಿದ್ದರೆ ತಿದ್ದು. ರಾಜ್ಯದಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ ಎಂದು ತಿಂಗಳು ತಿಂಗಳೂ ಎಣಿಸುವ ಕಚೇರಿ ನಿಮ್ಮದು. ನಿನ್ನ ಪಾಲಿಗೆ ಬಂದಿರುವುದು 'ವೃತ್ತಿಪರ ಮತ್ತು ವ್ಯಾಪಾರ ಸೇವೆಗಳ ವಿಭಾಗ.' ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಅದರಲ್ಲಿ ವಕೀಲರು, ಆಡಿಟರುಗಳು, ಕಟ್ಟಡದ ನಕ್ಷೆ ಬರೆಯುವವರು. ಅವರ ಕಚೇರಿ ಗುಡಿಸುವವರು, ಬಾಗಿಲು ಕಾಯುವವರು, ಏಜೆನ್ಸಿಯವರು ಇವತ್ತು ಇಲ್ಲಿಗೆ ನಾಳೆ ಅಲ್ಲಿಗೆ ಎಂದು ಅಟ್ಟುವ ಆಳುಗಳು, ಅವರೂ ಅದರಲ್ಲೇ. ವಕೀಲನೂ ಕಸ ಗುಡಿಸುವವಳೂ ಒಂದೇ ಸಾಲಿನಲ್ಲಿ ಕೂತದ್ದು ನಿಮ್ಮ ಕಾಗದದ ಮೇಲೆ ಮಾತ್ರ ಕಣೇ. ಹಾಗೆ ನೋಡಿದರೆ ನಿನ್ನಪ್ಪನೂ ಆ ಸಾಲಿನಲ್ಲೇ ಇದ್ದಾನೆ. ಹತ್ತೊಂಬತ್ತು ವರ್ಷದಿಂದ ಆ ಹನ್ನೊಂದು ಅಂತಸ್ತಿನ ಕಟ್ಟಡದ ಬಾಗಿಲಲ್ಲಿ ನಿಂತಿದ್ದಾನೆ, ಸಂಬಳ ಕೊಡುವುದು ಏಜೆನ್ಸಿ.

ನೀನು ದಿನವಿಡೀ ಫೋನು ಹಿಡಿದು "ಈ ತಿಂಗಳ ಹನ್ನೆರಡನೇ ತಾರೀಖು ಬರುವ ವಾರದಲ್ಲಿ ನಿಮ್ಮಲ್ಲಿ ಎಷ್ಟು ಜನಕ್ಕೆ ಸಂಬಳ ಬಿತ್ತು?" ಅಂತ ಒಂದೊಂದು ಕಂಪನಿಯನ್ನೂ ಕೇಳುತ್ತೀಯ. ಯಾವ ಕಂಪನಿ ಏನು ಹೇಳಿತು ಎಂದು ಹೊರಗೆ ಬಾಯಿ ಬಿಡುವ ಹಾಗಿಲ್ಲ, ಪ್ರಮಾಣ ಮಾಡಿಸಿಕೊಂಡಿದ್ದಾರೆ. ಇಲ್ಲಿಯವರೆಗೆ ಸರಿ. ಆಮೇಲೆ ಬರೆದಿದ್ದೀಯಲ್ಲ, ಯಾರಾದರೂ ಫೋನು ಎತ್ತದೇ ಹೋದರೆ ಹೋದ ತಿಂಗಳ ಲೆಕ್ಕವನ್ನೇ ಇಟ್ಟುಕೊಂಡು, ಉತ್ತರ ಕೊಟ್ಟವರು ಎಷ್ಟು ಏರಿಳಿದರೋ ಇವರೂ ಅಷ್ಟೇ ಎಂದು ಬರೆದುಕೊಳ್ಳುತ್ತೀರಂತೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಮ್ಮೂರ ಶಾಲೆಯ ಮೇಷ್ಟ್ರು ಇದೇ ವಿದ್ಯೆ ಕಲಿತಿದ್ದರು! ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆ ಎಂಬ ಹೆದರಿಕೆಗೆ, ಬಾರದ ಹುಡುಗಿಯರ ಹೆಸರಿಗೂ ಹಾಜರಿ ಹಾಕುತ್ತಿದ್ದರು. ನಾನು ಶಾಲೆಗೆ ಹೋದದ್ದು ಎರಡೂವರೆ ವರ್ಷ. ಪುಸ್ತಕದಲ್ಲಿ ಏಳು ವರ್ಷ ಹಾಜರಿದ್ದೇನೆ. ಆಗ ನಾನು ಎಮ್ಮೆ ಹಿಂದೆ ಓಡುತ್ತಿದ್ದೆ.

ನಿನ್ನಪ್ಪನಿಗೂ ಇದನ್ನು ಓದಿ ಹೇಳಿದೆ. ಅವನು ನಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಊಟದ ಅರ್ಧಕ್ಕೇ ಎದ್ದ.

ಫೋನಿನಲ್ಲಿ ನನ್ನ ಎಡಗಿವಿಗೆ ಏನೂ ಕೇಳದು, ಬಲಗಿವಿಗೆ ಅರ್ಧ ಕೇಳುತ್ತದೆ. ಫೋನಂತೂ ನಿನ್ನಪ್ಪನ ಜೇಬು ಬಿಟ್ಟು ಇಳಿಯುವುದಿಲ್ಲ. ಕಾಗದವೇ ಬರಿ.

ನಿನ್ನ ಅಜ್ಜಿ


ಆಗಸ್ಟ್ ೯

ಮೆಣಸಿನಕಾಳಿಗೆ,

ಈ ಕಾಗದ ನಿನ್ನ ಮತ್ತು ನನ್ನ ನಡುವೆ ಇರಲಿ. ನಿನ್ನಪ್ಪನಿಗೆ ಫೋನು ಮಾಡಿ ಊದಿದರೆ ನನ್ನಾಣೆ.

ಬಟ್ಟೆ ಒಗೆಯುವವಳಿಗೆ ಮನೆಯವರ ಗುಟ್ಟೆಲ್ಲ ಗೊತ್ತಿರುತ್ತದೆ. ಹತ್ತೊಂಬತ್ತು ವರ್ಷ ಅವನ ಖಾಕಿ ಅಂಗಿ ಒಗೆದಿದ್ದೇನೆ. ಮೊದಲು ಬೆನ್ನು ಮಾತ್ರ ಬೆವರಿರುತ್ತಿತ್ತು, ತೋಳು ಹಸನಾಗಿರುತ್ತಿತ್ತು. ಒಳಗೆ ಫ್ಯಾನಿನ ಕೆಳಗೆ ನಿಂತವನ ಬೆವರು ಅದು. ಈಗ ತೋಳಿನ ಮೇಲೆ ಧೂಳು, ಕೊರಳಪಟ್ಟಿಯಲ್ಲಿ ಹೊಗೆ ವಾಸನೆ. ಬೂಟಿನ ಅಡಿಯಲ್ಲಿ ಕರೀ ಎಣ್ಣೆಯ ಜಿಡ್ಡು. ಆ ಕಟ್ಟಡದ ನೆಲ ಕನ್ನಡಿ ಹಾಗೆ ಹೊಳೆಯುತ್ತದೆ ಅಂತ ಅವನೇ ಕೊಚ್ಚಿಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಎಣ್ಣೆ ಎಲ್ಲಿಂದ ಬಂತು?

ಸೈಕಲ್ಲು ರಿಪೇರಿಗೆ ಕೊಟ್ಟಿದ್ದೇನೆ ಅಂದು ಎರಡು ತಿಂಗಳಾಯಿತು. ಎರಡು ತಿಂಗಳಲ್ಲಿ ಹೊಸ ಸೈಕಲ್ಲೇ ಹುಟ್ಟಿ, ಬೆಳೆದು, ಮದುವೆಯಾಗುತ್ತಿತ್ತು.

ಮೊದಲು ಬಂದ ಕೂಡಲೇ ಲಿಫ್ಟಿನ ಕಥೆ ಹೇಳುತ್ತಿದ್ದ. ಆರನೇ ಅಂತಸ್ತಿನ ದಪ್ಪ ವಕೀಲರು ಹತ್ತಿದರೆ ಲಿಫ್ಟು ನರಳುತ್ತದೆ ಎಂದು ಅದರ ಹಾಗೆಯೇ ನರಳಿ ತೋರಿಸುತ್ತಿದ್ದ. ಈಗ ಕೇಳಿದರೆ "ಏನಿರುತ್ತೆ ಅಮ್ಮ, ದಿನಾ ಇದ್ದಿದ್ದೇ" ಎನ್ನುತ್ತಾನೆ. ಸರಿಯಾಗಿ ಆರೂವರೆಗೆ ಮನೆಗೆ ಬರುತ್ತಾನೆ, ಒಂದು ನಿಮಿಷ ಆಚೆ ಈಚೆ ಇಲ್ಲ. ನಿಜವಾಗಿ ಕೆಲಸ ಮಾಡುವವನು ಒಂದು ದಿನವಾದರೂ ತಡವಾಗಿ ಬರುತ್ತಾನೆ ಕಣೇ.

ಅವನ ಏಜೆನ್ಸಿ ನಿನ್ನ ಪಟ್ಟಿಯಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ನಿನಗೆ ಗೊತ್ತಿರಬೇಕು. ಪ್ರಮಾಣ ಮುರಿ ಎಂದು ಹೇಳುತ್ತಿಲ್ಲ. ಎಷ್ಟು ಜನ ಎಂದೂ ಕೇಳುತ್ತಿಲ್ಲ. ನನಗೆ ಇರುವವನು ಒಬ್ಬ. ಆ ಒಬ್ಬನಿಗೆ ಕೆಲಸ ಇದೆಯೋ ಇಲ್ಲವೋ, ಅದೊಂದು ಹೇಳು ಸಾಕು.

ನಿನ್ನ ಅಜ್ಜಿ


ಸೆಪ್ಟೆಂಬರ್ ೨೨

ಪ್ರೀತಿಯ ಅಜ್ಜಿಗೆ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡಲು ನನಗೆ ಆಗುವುದಿಲ್ಲ. ಪ್ರಮಾಣ ಒಂದೇ ಕಾರಣ ಎಂದು ಸುಳ್ಳು ಹೇಳಲಾರೆ. ನನಗೇ ಸರಿಯಾಗಿ ಗೊತ್ತಿಲ್ಲ ಅಜ್ಜಿ. ಕೆಲವು ಕಡೆ ಯಾರೂ ಫೋನು ಎತ್ತುವುದಿಲ್ಲ. ಮೂರು ಸಲ ಮಾಡಬೇಕು, ಆಮೇಲೆ ಬಿಡಬೇಕು. ನಾನು ಹನ್ನೊಂದು ಸಲ ಮಾಡಿದ್ದೇನೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಅಪ್ಪನಿಗೆ ಮೊನ್ನೆ ಮಧ್ಯಾಹ್ನ ಫೋನು ಮಾಡಿದ್ದೆ. ಡ್ಯೂಟಿಯಲ್ಲಿದ್ದೇನೆ, ಆಮೇಲೆ ಮಾತಾಡುತ್ತೇನೆ ಅಂದ. ಹಿಂದುಗಡೆ ಬಹಳ ಗಲಾಟೆ ಇತ್ತು. ಸರಿಯಪ್ಪಾ ಅಂತ ಇಟ್ಟುಬಿಟ್ಟೆ.

ಈ ಪೊಟ್ಟಣದಲ್ಲಿ ಅವನಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಚಳಿ ಶುರುವಾಗುತ್ತದೆ. ಇಡೀ ದಿನ ಬಯಲಲ್ಲಿ ಕೂತರೆ ಕಾಲು ಮರಗಟ್ಟುತ್ತದೆ.

ನಿನ್ನ ಮೊಮ್ಮಗಳು


ಅಕ್ಟೋಬರ್ ೧೭

ಮೆಣಸಿನಕಾಳಿಗೆ,

ಕಾಲುಚೀಲ ಬಂದವು. ಹನ್ನೊಂದು ಅಂತಸ್ತಿನ ಕಟ್ಟಡದ ಒಳಗೆ ನಿಲ್ಲುವವನಿಗೆ ಬಯಲಿನ ಚಳಿ ಎಲ್ಲಿಂದ ಬಂತು ಎಂದು ನಾನು ಕೇಳುವುದಿಲ್ಲ. ನೀನು ಹೇಳಲೂ ಇಲ್ಲ, ಹೇಳದೆ ಇರಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀಯ. ನನ್ನ ಕಡೆಗೆ ಬಿದ್ದ ಬೆಳಕು ನನಗೆ ಸಾಕಾಯಿತು.

ನಿನ್ನೆ ಹೋಗಿ ನೋಡಿ ಬಂದೆ. ಅವನು ಚಮಚ ಬಿಟ್ಟು ಹೋಗಿದ್ದ. ಬಿಟ್ಟು ಹೋಗಿದ್ದ ಅಂದರೆ, ನಾನೇ ಡಬ್ಬಿಗೆ ಇಟ್ಟಿರಲಿಲ್ಲ. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಆ ಕಟ್ಟಡಕ್ಕೆ ಹೋದೆ. ಬಾಗಿಲಲ್ಲಿ ಮನುಷ್ಯರೇ ಇಲ್ಲ. ಸೊಂಟದೆತ್ತರದ ಗಾಜಿನ ಎರಡು ರೆಕ್ಕೆ. ಜನ ಬಂದು ಕಾರ್ಡು ಮುಟ್ಟಿಸಿದರೆ ತೆರೆಯುತ್ತವೆ, ಮತ್ತೆ ಮುಚ್ಚುತ್ತವೆ. ಒಬ್ಬಳು ನೆಲ ಒರೆಸುತ್ತಿದ್ದಳು.

"ಯಾರು ಬೇಕಿತ್ತಜ್ಜಿ?"

"ಇಲ್ಲಿ ವಾಚ್‌ಮನ್ ಇದ್ದಾನಲ್ಲಮ್ಮ, ದಪ್ಪ ಮೀಸೆಯವನು. ಅವನ ತಾಯಿ ನಾನು. ಚಮಚ ಬಿಟ್ಟು ಬಂದಿದ್ದಾನೆ."

ಅವಳು ಕೋಲು ಗೋಡೆಗೆ ಒರಗಿಸಿದಳು. "ಸೀಟಿ ಅಣ್ಣನ ಅಮ್ಮನಾ ನೀವು? ಅವರು... ಅಜ್ಜೀ, ಅವರೆಲ್ಲ ಮೇ ತಿಂಗಳ ಕೊನೇಲೇ ಹೋದ್ರಲ್ಲ. ಏಜೆನ್ಸೀನೇ ಬಾಗಿಲು ಹಾಕ್ಕೊಂಡು ಹೋಯ್ತು. ಇಲ್ಲಿದ್ದ ಹದಿನಾಲ್ಕು ಜನಾನೂ ಒಂದೇ ದಿನ ಮನೆಗೆ. ಆಮೇಲೇ ಈ ಮಿಷನ್ ಬಂದಿದ್ದು. ನಿಮಗೆ ಹೇಳ್ಲಿಲ್ವಾ?"

"ಹೇಳಿದ್ದ ಕಣಮ್ಮ. ವಯಸ್ಸಾಯ್ತು ನೋಡು, ಮರೆತುಬಿಟ್ಟೆ."

"ಕೂತ್ಕೊಳ್ಳಿ, ನೀರು ಕೊಡ್ತೀನಿ."

"ಬೇಡ. ನೀನು ಒರೆಸಿದ ಕಡೆ ನನ್ನ ಕಾಲಿನ ಗುರುತು ಬೀಳುತ್ತೆ."

ಬರುವಾಗ ಬಸ್ ನಿಲ್ದಾಣದಲ್ಲಿ ಇಳಿದೆ. ಕರೀ ಎಣ್ಣೆ ಇರುವ ಜಾಗ ಈ ಊರಲ್ಲಿ ಇನ್ನೆಲ್ಲಿದೆ? ನಾಲ್ಕನೇ ಅಂಕಣದ ಬೆಂಚಿನ ಮೇಲೆ ಅವನಿದ್ದ. ಇಸ್ತ್ರಿಯ ಗೆರೆ ಕೆಡದ ಅಂಗಿ, ತೋಳಿನ ಮೇಲೆ ಸತ್ತುಹೋದ ಏಜೆನ್ಸಿಯ ಹೆಸರು, ಪಕ್ಕದಲ್ಲಿ ನಾನು ಕಟ್ಟಿಕೊಟ್ಟ ಡಬ್ಬಿ. ಬೆನ್ನು ನೆಟ್ಟಗಿಟ್ಟು ಕೂತಿದ್ದ. ಖಾಕಿ ಕಂಡವರು ಬಂದು ಕೇಳುತ್ತಿದ್ದರು, ಅದು ಎಷ್ಟು ಹೊತ್ತಿಗೆ, ಇದು ಯಾವ ಕಡೆಗೆ ಎಂದು. ಅವನು ಎದ್ದು ನಿಂತು ಕೈ ತೋರಿಸಿ ಹೇಳುತ್ತಿದ್ದ. ಒಬ್ಬ ಮುದುಕನ ಗಂಟು ಎತ್ತಿ ಬಸ್ಸಿನೊಳಗೆ ಇಟ್ಟ. ಬಸ್ಸು ಹಿಂದೆ ಸರಿಯುವಾಗ ಸೀಟಿ ಊದಿ ಮಕ್ಕಳನ್ನು ಪಕ್ಕಕ್ಕೆ ಸರಿಸಿದ. ಯಾರೂ ಕೊಡದ ಕೆಲಸವನ್ನು ಅಷ್ಟು ಚೊಕ್ಕವಾಗಿ ಮಾಡುವವನನ್ನು ನಾನು ನೋಡಿಲ್ಲ.

ಕಂಬದ ಹಿಂದೆ ನಿಂತಿದ್ದೆ. ಅವನ ಹತ್ತಿರ ಹೋಗಲಿಲ್ಲ. ಊಟದ ಹೊತ್ತಿಗೆ ಡಬ್ಬಿ ತೆರೆದು, ಚಮಚ ಹುಡುಕಿ, ಕೈಯಲ್ಲೇ ಉಂಡ.

ಸಂಜೆ ಆರೂವರೆಗೆ ಬಂದ. "ಇವತ್ತು ಚಮಚ ಇಟ್ಟಿರಲಿಲ್ಲ ಅಮ್ಮ" ಅಂದ. "ಮರೆತೆ ಕಣೋ" ಅಂದೆ. ಅಷ್ಟೇ ಆಡಿದ್ದು. ಇವತ್ತು ಬೆಳಗ್ಗೆ ಚಮಚ ಇಟ್ಟೇ ಡಬ್ಬಿ ಕಟ್ಟಿಕೊಟ್ಟೆ. ನೀನೂ ಏನೂ ಗೊತ್ತಿಲ್ಲದ ಹಾಗಿರು. ಅವನ ಬಾಯಿಂದಲೇ ಬರಲಿ.

ನಿನ್ನ ಅಜ್ಜಿ


ನವೆಂಬರ್ ೧೨

ಮೆಣಸಿನಕಾಳಿಗೆ,

ನನಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆಯಾ? "ಗೊತ್ತು ಅಂತ ಹೇಳಿಬಿಡು ಅಜ್ಜಿ, ಕಾಲಿಗೆ ಬೀಳುತ್ತೇನೆ" ಎಂದು ನಾಲ್ಕು ಸಲ ಬರೆದಿದ್ದೀಯ. ಕಾಲಿಗೆ ಬೀಳುವವಳು ನೀನೇ ಅವನಿಗೆ ಫೋನು ಮಾಡಿ ಹೇಳಬಹುದಿತ್ತಲ್ಲ? ನಿನಗೆ ಗಲಾಟೆ ಕೇಳಿಸಿತು, ಸರಿಯಪ್ಪಾ ಅಂತ ಇಟ್ಟೆ. ಬೆಕ್ಕಿಗೆ ಗಂಟೆ ಕಟ್ಟುವುದಕ್ಕೆ ಅಜ್ಜಿಯೇ ಬೇಕು.

ಅವನು ಹುಟ್ಟಿದಾಗಿನಿಂದ ಹಾಗೆ. ಎಂಟು ವರ್ಷದವನಿದ್ದಾಗ ಬಿದ್ದು ಕೈ ಮುರಿದುಕೊಂಡು, ಮೂರು ದಿನ ಎಡಗೈಯಲ್ಲಿ ಉಂಡ. ಮುರಿದದ್ದು ಯಾರಿಗೂ ತಿಳಿಯಬಾರದು ಅಂತ. ನಾನಾಗ ಗದರಿಸಿ ಅಂಗಿ ಬಿಚ್ಚಿಸಿದೆ. ಅವತ್ತು ಅವನು ನನ್ನ ಮುಖ ನೋಡಿದ ರೀತಿ ನನಗಿನ್ನೂ ನೆನಪಿದೆ. ಇನ್ನೊಂದು ಸಲ ಅವನ ಅಂಗಿ ಬಿಚ್ಚಿಸಲಾರೆ.

ಅಂಗಿಗೆ ದಿನಾ ಇಸ್ತ್ರಿ ಮಾಡುತ್ತಿದ್ದೇನೆ, ಮೊದಲಿಗಿಂತ ಚೆನ್ನಾಗಿ. ಕೆಲಸಕ್ಕೆ ಹೋಗುವವನಿಗೆ ಮಾಡುವುದೆಲ್ಲ ಮಾಡುತ್ತಿದ್ದೇನೆ. ನಿನ್ನ ಕಾಲುಚೀಲ ಹಾಕಿಕೊಳ್ಳುತ್ತಿದ್ದಾನೆ. "ಒಳಗೆ ಏಸಿ ಜಾಸ್ತಿ ಅಮ್ಮ" ಅಂದ. ಇರುತ್ತೆ ಬಿಡು ಅಂದೆ.

ನಿನ್ನ ಅಜ್ಜಿ


ಡಿಸೆಂಬರ್ ೧೫

ನನ್ನ ಕೂಸೇ,

ನೀನು ಬಂದು ಹೋಗಿ ಹತ್ತು ದಿನವಾಯಿತು. ನೀನಿದ್ದಾಗ ಹೇಳಲಾಗದೆ ಉಳಿದದ್ದನ್ನು ಬರೆಯುತ್ತೇನೆ. ಹೇಳಿದ್ದರೆ ನೀನು ರಜ ಮುಗಿದರೂ ಹೋಗುತ್ತಿರಲಿಲ್ಲ.

ನಿನ್ನಪ್ಪ ಮನೆ ಬಿಟ್ಟು ಇವತ್ತಿಗೆ ಹದಿನೇಳು ದಿನ. ಅವನ ಫೋನಿಗೆ ಮಾಡಿದರೆ ಹತ್ತುವುದೇ ಇಲ್ಲ. ಠಾಣೆಯವರು ನೀನು ಬರೆಸಿದ ಕಾಗದದ ಮೇಲೆ ಇನ್ನೊಂದು ಕಾಗದ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಗಳಲ್ಲಿ ಇಲ್ಲ. ಇನ್ನೊಂದು ಕಡೆಗೂ ಟೈಲರ್ ಹೋಗಿ ನೋಡಿ ಬಂದ, ಅಲ್ಲಿಯೂ ಇಲ್ಲ.

ನೀನು ಹೋದ ಮಾರನೇ ದಿನ ನಿಲ್ದಾಣಕ್ಕೆ ಮತ್ತೆ ಹೋದೆ. ಟೀ ಮಾರುವವನು ನಮ್ಮಿಬ್ಬರ ಮುಂದೆ "ನನಗೇನೂ ಗೊತ್ತಿಲ್ಲ" ಅಂದಿದ್ದನಲ್ಲ, ಒಬ್ಬಳೇ ಹೋದಾಗ ಬಾಯಿ ಬಿಟ್ಟ.

"ಮಗಳ ಮುಂದೆ ಹೇಗಮ್ಮ ಹೇಳಲಿ. ಆವತ್ತು ಇಲ್ಲಿಗೆ ಹೊಸ ಸೆಕ್ಯೂರಿಟಿ ಸಾಹೇಬ ಬಂದಿದ್ದ. ಯಾರ ಕಡೆಯವನೋ ನೀನು ಅಂದ. ಇವರು ತೋಳು ತೋರಿಸಿದ್ರು. ಆ ಏಜೆನ್ಸಿ ಸತ್ತು ಆರು ತಿಂಗಳಾಯ್ತು, ಯಾರಿಗೆ ಟೋಪಿ ಹಾಕ್ತೀಯ, ಬಿಚ್ಚು ಅಂಗಿ ಅಂದ. ಬಸ್ಸಿನ ಜನ ಎಲ್ಲ ನಿಂತು ನೋಡ್ತಿದ್ರು. ಇವರು ದಿನಾ ಯಾರ ಗಂಟು ಎತ್ತಿಕೊಡ್ತಿದ್ರೋ, ಅವರೂ ಇದ್ರು."

"ಬಿಚ್ಚಿದನಾ?"

"ಬಿಚ್ಚಿದ್ರು. ಸಿಟ್ಟು ಮಾಡ್ಲಿಲ್ಲ, ಏನಿಲ್ಲ. ಬೆಂಚಿನ ಮೇಲಿಟ್ಟು ನೀಟಾಗಿ ಮಡಿಸಿದ್ರು. ಮೇಲೆ ಸೀಟಿ ಇಟ್ರು. ಬನಿಯನ್‌ನಲ್ಲೇ ಆ ಕಡೆ ನಡೆದುಹೋದ್ರು. ಅಣ್ಣಾ ಟೀ ಕುಡ್ಕೊಂಡು ಹೋಗಿ ಅಂತ ಕೂಗಿದೆ, ತಿರುಗಲಿಲ್ಲ."

ಅಂಗಿಯನ್ನೂ ಡಬ್ಬಿಯನ್ನೂ ಟೀಯವನು ಸಕ್ಕರೆ ಚೀಲದ ಹಿಂದೆ ಎತ್ತಿಟ್ಟಿದ್ದ, ಕೊಟ್ಟ. ಡಬ್ಬಿ ಖಾಲಿ ಮಾಡಿರಲಿಲ್ಲ.

ಅದು ನಡೆದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಮನೆ ಅಲ್ಲಿಂದ ನಾಲ್ಕು ಮೈಲಿ. ಬನಿಯನ್‌ನಲ್ಲಿ ನಾಲ್ಕು ಮೈಲಿ ನಡೆದು ಬಂದಿದ್ದರೆ ನಾನೇನು ಬಾಗಿಲು ಹಾಕುತ್ತಿದ್ದೆನೆ? ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಆರೂವರೆಗೆ, ಆ ಅಂಗಿ ತೊಟ್ಟು, ಖಾಲಿ ಡಬ್ಬಿ ಹಿಡಿದು ಬಂದವನಿಗೆ ಮಾತ್ರ ಈ ಮನೆಯ ಬಾಗಿಲು ಎನ್ನುವ ಹಾಗೆ ನಾನು ಮಾಡಿಬಿಟ್ಟಿದ್ದೆ. ಇನ್ನೊಂದು ಸಲ ಅಂಗಿ ಬಿಚ್ಚಿಸಲಾರೆ ಎಂದು ನಿನಗೆ ದೊಡ್ಡದಾಗಿ ಬರೆದೆ. ನಾನು ಬಿಚ್ಚಿಸಿದ್ದರೆ ಮನೆಯೊಳಗೆ ಆಗುತ್ತಿತ್ತು.

ಊರಿಗೆಲ್ಲ ಬೈದ ಬಾಯಿ ಇದು. ಬೇಕಾದಾಗ ಮಾತು ಬರಲಿಲ್ಲ.

ಅಜ್ಜಿ


ಜನವರಿ ೨೮

ಅಜ್ಜೀ,

ನೀನೊಬ್ಬಳೇ ಹೊತ್ತುಕೊಳ್ಳಬೇಡ. ಇದನ್ನು ನಾನು ಯಾರಿಗೂ ಹೇಳಬಾರದು, ನಿನಗೆ ಹೇಳುತ್ತಿದ್ದೇನೆ.

ಅಪ್ಪನ ಏಜೆನ್ಸಿ ನನ್ನ ಪಟ್ಟಿಯಲ್ಲೇ ಇತ್ತು. ಮೇ ತಿಂಗಳ ಲೆಕ್ಕಕ್ಕೆ ಇನ್ನೂರ ಹದಿನಾಲ್ಕು ಜನ ಅಂದಿದ್ದರು. ಜೂನ್‌ನಲ್ಲಿ ಫೋನು ಎತ್ತಲಿಲ್ಲ. ನಿಯಮದ ಪ್ರಕಾರ ಉಳಿದವರ ಹಾಗೆ ಇವರೂ ಎಂದುಕೊಂಡು ಇನ್ನೂರ ಹದಿನಾರು ಎಂದು ಬರೆದೆ. ಅಜ್ಜೀ, ಎರಡು ಜನ ಹೆಚ್ಚಿಸಿದೆ. ಜುಲೈನಲ್ಲೂ ಎತ್ತಲಿಲ್ಲ. ಮುಚ್ಚಿದ ಕಂಪನಿಯೂ ಫೋನು ಎತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅನುಮಾನ ಬಂದರೆ ಪಕ್ಕದಲ್ಲಿ ಒಂದು ಗುರುತು ಹಾಕಬಹುದು, ಮೇಲಿನವರು ವಿಚಾರಿಸುತ್ತಾರೆ. ನಾನು ಹಾಕಲಿಲ್ಲ. ಗುರುತು ಹಾಕಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಅಪ್ಪನಿಗೆ ಫೋನು ಮಾಡಿ ಕೇಳಿದರೂ ಅಷ್ಟೇ. ಇನ್ನೂರ ಹದಿನಾರು ಎಂದು ಬರೆದ ದಿನ ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ ಅಂದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ.

ವರ್ಷಕ್ಕೊಮ್ಮೆ ತೆರಿಗೆಯ ದಾಖಲೆ ಬರುತ್ತದೆ, ಆಗ ಅಂದಾಜುಗಳನ್ನೆಲ್ಲ ತಿದ್ದುತ್ತೇವೆ. ಈ ವಾರ ತಿದ್ದಿದೆವು. ಆ ಸಾಲಿಗೆ ಜೂನ್‌ನಿಂದ ಸೊನ್ನೆ ಬರೆದೆ. ಏಳು ಸೊನ್ನೆ. ವಿಭಾಗದಲ್ಲಿ ಕೆಲಸದಲ್ಲಿರುವವರ ಸಂಖ್ಯೆ ಮೊದಲು ಹೇಳಿದ್ದಕ್ಕಿಂತ ಕಡಿಮೆ ಎಂದು ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲು ಬಂತು. ನಮ್ಮ ಮೇಲ್ವಿಚಾರಕರು, ಇದು ಸಣ್ಣ ತಿದ್ದುಪಡಿ, ಗಾಬರಿಯಿಲ್ಲ ಎಂದರು.

ಕೆಲಸ ಬಿಟ್ಟು ಬಂದುಬಿಡಲಾ ಅಜ್ಜಿ?

ನಿನ್ನ ಮೊಮ್ಮಗಳು


ಫೆಬ್ರವರಿ ೮

ಮೆಣಸಿನಕಾಳಿಗೆ ಅಜ್ಜಿಯ ಆಶೀರ್ವಾದ.

ಬಿಡಬೇಡ. ಒಂದು ಮನೆಯಲ್ಲಿ ಕೆಲಸ ಕಳೆದುಕೊಂಡವನು ಒಬ್ಬ ಸಾಕು. ಅಲ್ಲೇ ಕೂತು ಫೋನು ಮಾಡು. ಮೂರು ಸಲ ಎತ್ತದವರಿಗೆ ಮೂವತ್ತು ಸಲ ಮಾಡು. ಗುರುತು ಹಾಕಬೇಕಾದ ಕಡೆ ಗುರುತು ಹಾಕು. ಆ ಕಡೆ ಯಾರದೋ ಮನೆಯಲ್ಲಿ ಒಬ್ಬ ಮುದುಕಿ ದಿನಾ ಡಬ್ಬಿ ಕಟ್ಟುತ್ತಿರುತ್ತಾಳೆ.

ಟೈಲರ್ ಅಂಗಿಯ ತೋಳಿನಿಂದ ಏಜೆನ್ಸಿಯ ಹೆಸರು ಬಿಚ್ಚಿಕೊಟ್ಟ. ಬ್ಲೇಡಿನಲ್ಲಿ ಒಂದೊಂದೇ ಎಳೆ ಬಿಡಿಸುವುದಕ್ಕೆ ಅರ್ಧ ದಿನ ಹಿಡಿಯಿತು, ದುಡ್ಡು ಬೇಡ ಅಂದ. ಹೆಸರಿದ್ದ ಕಡೆ ಬಟ್ಟೆ ಹೊಸದರ ಹಾಗೆ ಕಡುಬಣ್ಣ ಉಳಿದಿದೆ. ಉಳಿದದ್ದೆಲ್ಲ ನಾನು ಒಗೆದು ಒಗೆದು ಮಾಸಿದೆ. ಬಾಗಿಲ ಹಿಂದಿನ ಮೊಳೆಗೆ ತೂಗು ಹಾಕಿದ್ದೇನೆ. ಈಗ ಅದು ಬರೀ ಅಂಗಿ, ಯಾರು ಬೇಕಾದರೂ ತೊಡಬಹುದು.

ಮೊನ್ನೆ ಗುರುವಾರ ಸಂಜೆ ಟೈಲರ್ ಫೋನು ಹಿಡಿದು ಓಡಿ ಬಂದ. "ಅಜ್ಜೀ, ಯಾರೋ ಮಾತೇ ಆಡ್ತಿಲ್ಲ, ಇಡ್ತಾನೂ ಇಲ್ಲ." ಬಲಗಿವಿಗೆ ಒತ್ತಿಕೊಂಡೆ. ಬಸ್ಸಿನದೋ ಗಾಳಿಯದೋ, ಏನೋ ಸದ್ದು. ತಪ್ಪು ನಂಬರೂ ಇರಬಹುದು. ನಾನು ಬಿಡಲಿಲ್ಲ. ಹೇಳಿದೆ: "ಲೋ, ನನಗೆ ಅಕ್ಟೋಬರ್‌ನಿಂದ ಗೊತ್ತು ಕಣೋ. ಕಂಬದ ಹಿಂದೆ ನಿಂತು ನೋಡಿದ್ದೆ. ಚಮಚ ಬೇಕಂತಲೇ ಇಟ್ಟಿರಲಿಲ್ಲ. ತಪ್ಪಾಯ್ತು. ಬನಿಯನ್‌ನಲ್ಲೇ ಬಾ. ಮಧ್ಯಾಹ್ನ ಬಾ, ಎಷ್ಟು ಹೊತ್ತಿಗಾದರೂ ಬಾ." ಟೈಲರ್ ಗೋಡೆ ಕಡೆ ತಿರುಗಿ ನಿಂತಿದ್ದ. ಸ್ವಲ್ಪ ಹೊತ್ತು ಆ ಸದ್ದು ಇತ್ತು. ಆಮೇಲೆ ಹೋಯಿತು. ಆ ನಂಬರಿಗೆ ಟೈಲರ್ ಮತ್ತೆ ಮಾಡಿ ನೋಡಿದ. ಎತ್ತಲಿಲ್ಲ.

ನಿನ್ನದು ಕಚೇರಿ, ದಾಖಲೆ ಬಂದರೆ ಸೊನ್ನೆ ಬರೆಯಲೇಬೇಕು. ನನ್ನ ಕೈಗೆ ಯಾವ ದಾಖಲೆಯೂ ಬಂದಿಲ್ಲ.

ಮುಂದಿನ ವಾರವೇ ಹನ್ನೆರಡನೇ ತಾರೀಖು ಬರುವ ವಾರ. ಊರಿಗೆಲ್ಲ ಫೋನು ಮಾಡುವವಳು ನನಗೂ ಒಂದು ಮಾಡು, ಟೈಲರ್ ನಂಬರಿಗೆ. ಮನೆಯಲ್ಲಿ ಎಷ್ಟು ಜನ ಅಂತ ಕೇಳು. ಇಬ್ಬರು ಅನ್ನುತ್ತೇನೆ. ಎದುರಾಡದೆ ಬರೆದುಕೋ.

ನಿನ್ನ ಅಜ್ಜಿ